ಉಪ್ಪುನೀರಿನ ಕಟ್ಟಕ್ಕೆ ಆಫ್ರಿಕದ ಕಾಗದ

ಪ್ರತಿ ವರ್ಷ ಡಿಸೆಂಬರ್ ಹತ್ತಿರ ಬಂದಾಗ ಮಿಷನ್ನಿನವರು ನಮಗೆಲ್ಲ ಒಂದು ಪ್ರಶ್ನೆ ಕಳಿಸುತ್ತಿದ್ದರು: "ಈ ವರ್ಷ ದೇವರು ನಿಮ್ಮ ಮೂಲಕ ಏನೇನು ಕೆಲಸ ಮಾಡಿಸಿದ? ನಿಮ್ಮ ಊರಿನ ಇಗರ್ಜಿಗೆ ಪತ್ರ ಬರೆದು ತಿಳಿಸಿ." ಓದಿದೊಡನೆ ನನಗೆ ಚಿಂತೆ ಶುರುವಾಗುತ್ತಿತ್ತು. ದೇವರ ಕಡೆಯಿಂದ ಏನೂ ತೊಂದರೆಯಿರಲಿಲ್ಲ. ತೊಂದರೆ ಇದ್ದದ್ದು 'ನಿಮ್ಮ ಮೂಲಕ' ಎಂಬಲ್ಲಿ.

ಈಗ ನನಗೆ ನಲವತ್ತು ದಾಟಿದೆ. ಆಫ್ರಿಕ ಬಿಟ್ಟು ಊರಿಗೆ ಬಂದು, ಬ್ರಹ್ಮಾವರದಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತ ತಲೆ ಬೋಳಾಗಿದೆ. ಆದರೂ ಈ ಡಿಸೆಂಬರಿನಲ್ಲಿ ಮತ್ತೆ ಅವರ ಕಾಗದ ಬಂದಿದೆ. ಹಳೆಯ ಸ್ವಯಂಸೇವಕರೂ ತಮ್ಮ ಸೇವೆಯನ್ನು ನೆನೆದು ಬರೆಯಬೇಕಂತೆ. ಚಿಂತೆಯೂ ಹಳೆಯದೇ ಬಂದಿದೆ. ಈ ಸಲ ಮಾತ್ರ ನಡೆದದ್ದನ್ನು ನಡೆದ ಹಾಗೆ ಬರೆದುಬಿಡುವುದೆಂದು ಕೂತಿದ್ದೇನೆ.

ನಾನು ಸ್ವಯಂಸೇವಕನಾದದ್ದೇ ಚಿಂತೆಯಿಂದ. ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ, ನಮ್ಮ ಇಗರ್ಜಿಗೆ ಪರವೂರಿನ ಪಾದ್ರಿಯೊಬ್ಬರು ಬಂದು, ಪೂರ್ವ ಆಫ್ರಿಕದ ಮಿಷನ್ ಆಸ್ಪತ್ರೆಯೊಂದಕ್ಕೆ ಸಂಬಳವಿಲ್ಲದೆ ದುಡಿಯುವ ಯುವಕರು ಬೇಕೆಂದರು. ಯಾರೂ ಕೈ ಎತ್ತಲಿಲ್ಲ. ಅಷ್ಟು ದೂರದಿಂದ ಬಸ್ಸು, ದೋಣಿ ಹತ್ತಿ ಇಳಿದು ಬಂದ ಮುದುಕರಿಗೆ ಬೇಸರವಾದೀತಲ್ಲ ಎಂದು ನನಗೆ ಚಿಂತೆಯಾಯಿತು. ಕೈ ಎತ್ತಿದೆ. ಒಬ್ಬನಾದರೂ ಎತ್ತಿದನಲ್ಲ ಎಂದು ಅವರಿಗೆ ಸಮಾಧಾನವಾದ ಮೇಲೆ ಮೆಲ್ಲನೆ ಇಳಿಸಬಹುದು ಎಂದುಕೊಂಡಿದ್ದೆ. ಅವರು ಬಂದು ಆ ಕೈಯನ್ನೇ ಹಿಡಿದುಕೊಂಡರು.

ಅಲ್ಲಿ ನನಗೆ ಮೇಷ್ಟರ ಕೆಲಸವೆಂದು ಹೇಳಿದ್ದರು. ಹಡಗಿನಲ್ಲಿ ವಾಂತಿ ಮಾಡುತ್ತ ನಾನು ತಲುಪುವಷ್ಟರಲ್ಲಿ ಬೇರೆ ಮೇಷ್ಟರು ಬಂದಾಗಿತ್ತು. ಉಳಿದದ್ದು ಬ್ಯಾಂಡೇಜು. ಆಗ ಬ್ಯಾಂಡೇಜೆಂದರೆ ಒಮ್ಮೆ ಕಟ್ಟಿ ಎಸೆಯುವ ವಸ್ತುವಲ್ಲ. ಒಗೆದು, ಕುದಿಸಿ, ಒಣಗಿಸಿ, ಮತ್ತೆ ಬಿಗಿಯಾಗಿ ಸುರುಳಿ ಸುತ್ತಿಡಬೇಕು. ಎರಡು ವರ್ಷ ನಾನು ಮಾಡಿದ್ದು ಅದೇ. ಅದನ್ನೂ ಸರಿಯಾಗಿ ಮಾಡಲಿಲ್ಲ. ಗಾಯ ಕಟ್ಟುವ ಹೆಂಗಸು, ಅಲ್ಲಿಯವಳೇ, ನನ್ನ ಅಮ್ಮನ ವಯಸ್ಸಿನವಳು, ನಾನು ಸುತ್ತಿದ ಸುರುಳಿಗಳನ್ನೆಲ್ಲ ದಿನಾ ಸಂಜೆ ಬಿಚ್ಚಿ ನನ್ನೆದುರೇ ಮತ್ತೆ ಸುತ್ತುತ್ತಿದ್ದಳು. ಮಾತಿಲ್ಲ, ಬರೀ ನಾಲಿಗೆಯಿಂದ ಒಂದು 'ಚ್'. ನೀರು ಕುದಿಯಿತೋ ಇಲ್ಲವೋ, ಸೊಳ್ಳೆಪರದೆಗೆ ತೂತು ಬಿದ್ದಿದೆಯೋ, ಊರಿಂದ ಕಾಗದ ಬಾರದಿದ್ದರೆ ಏಕೆ ಬರಲಿಲ್ಲವೋ, ಬಂದರೆ ಒಳಗೆ ಏನು ಕಾದಿದೆಯೋ ಎಂದು ನಾನು ಇಡೀ ದಿನ ಒದ್ದಾಡುವುದನ್ನು ಕಂಡು ಅವಳೇ ನನಗೆ ಬಿರುದು ಕೊಟ್ಟಳು: ಬ್ವಾನಾ ವಸಿವಸಿ. ಅವರ ಮಾತಿನಲ್ಲಿ 'ಚಿಂತೆಯ ಸಾಹೇಬ'. ಆಸ್ಪತ್ರೆಯ ರೋಗಿಗಳೂ ಹಾಗೇ ಕರೆದು ನಗುತ್ತಿದ್ದರು. ನನ್ನಿಂದ ಅವರಿಗಾದ ಚಿಕಿತ್ಸೆ ಅದಿಷ್ಟೇ ಇರಬೇಕು.

ಮೊದಲ ವರ್ಷದ ಕೊನೆಗೆ ಪ್ರಶ್ನೆ ಬಂತು. 'ಬ್ಯಾಂಡೇಜು ಸುತ್ತಿದೆ, ಅದನ್ನು ಇನ್ನೊಬ್ಬರು ಬಿಚ್ಚಿದರು' ಎಂದು ಬರೆಯಲು ಕೈ ಬರಲಿಲ್ಲ. ಬೇರೆ ಏನಾದರೂ ಇದೆಯೇ ಎಂದು ನೆನಪನ್ನು ಕೆದಕಿದೆ. ಮಳೆಗೆ ಮುಂಚೆ ಪಕ್ಕದ ಹಳ್ಳಿಯವರು ಭತ್ತದ ಗದ್ದೆಗೆ ನೆರೆ ನುಗ್ಗದಂತೆ ನದಿಯ ಬದಿಗೆ ಮಣ್ಣಿನ ದಂಡೆ ಕಟ್ಟಿದ್ದರು. ಆಸ್ಪತ್ರೆಯವರೂ ಒಂದು ದಿನ ಕೈಜೋಡಿಸಲು ಹೋಗಿದ್ದೆವು. ನಾನು ನಾಲ್ಕು ಬುಟ್ಟಿ ಮಣ್ಣು ಹೊತ್ತೆ. ಐದನೆಯದಕ್ಕೆ ಬುಟ್ಟಿಯ ಜೊತೆ ನಾನೂ ಕೆಸರಿಗೆ ಹೋದೆ. ಎತ್ತಿ ತಂದು ಮರದ ನೆರಳಿನಲ್ಲಿ ಕೂರಿಸಿದರು. ನನ್ನ ಕೈಯಲ್ಲಿ ಗಡಿಯಾರ ಇದ್ದುದರಿಂದ ಊಟದ ಹೊತ್ತಾದಾಗ ಕೂಗಿ ಹೇಳುವ ಕೆಲಸ ಕೊಟ್ಟರು. ಹೇಳಿದೆ.

ಪತ್ರದಲ್ಲಿ ಇದು ಹೀಗಾಯಿತು: "ಈ ವರ್ಷ ನಾವು ಇಲ್ಲಿ ನದಿಗೆ ಕಟ್ಟ ಕಟ್ಟಿ ಒಂದು ಊರಿನ ಗದ್ದೆಗಳನ್ನೆಲ್ಲ ಉಳಿಸಿದೆವು." ಆ ವಾಕ್ಯದಲ್ಲಿ 'ನಾವು' ಎಂಬುದನ್ನು ಬಿಟ್ಟರೆ ಸುಳ್ಳೆಂಬುದು ಹೆಚ್ಚೇನಿಲ್ಲ.

ಅಮ್ಮನಿಗೆ ಓದು ಬಾರದು. ನಮ್ಮದು ಮನೆಯೊಳಗೆ ಕೊಂಕಣಿ. ಆದರೆ ಬೇಲಿಯಾಚೆಯವರಿಗೂ ಕೇಳಲಿ ಎಂದು ಅಮ್ಮ ಕಾಗದವನ್ನು ಕನ್ನಡದಲ್ಲೇ ಬರೆಯಲು ಹೇಳಿದ್ದಳು. ಇಗರ್ಜಿಯಲ್ಲಿ ಪಾದ್ರಿಗಳು ಓದಿ ಮುಗಿಸಿದ ಮೇಲೆ ಆ ನೀಲಿ ವಿಮಾನದ ಕಾಗದ ನಮ್ಮ ಜಗಲಿಗೆ ಬರುತ್ತಿತ್ತು. ಅಲ್ಲಿ ಊರಿನ ಶಾಲೆಯ ಮಾಷ್ಟ್ರು ಕೂತು ಎಲ್ಲರಿಗೂ ಓದಿ ಹೇಳುತ್ತಿದ್ದರು. ಮಾಷ್ಟ್ರು ಬರೀ ಓದುವವರಲ್ಲ, ವಿವರಿಸುವವರು. ನಾನು ಒಂದು ಸಾಲಿನಲ್ಲಿ ಕಟ್ಟಿದ ಕಟ್ಟವನ್ನು ಅವರು ಕೈ ಬೀಸಿ ಬೀಸಿ ಅರ್ಧ ಗಂಟೆ ಕಟ್ಟಿದರಂತೆ. ಬಸ್ಸಿನವರೂ ನಿಂತು ಕೇಳಿ ಹೋದರಂತೆ.

ನಮ್ಮೂರಿನಲ್ಲಿ ಕಟ್ಟವೆಂದರೆ ತಮಾಷೆಯಲ್ಲ. ಕಡಲು ಅಲ್ಲೇ ಇದೆ. ಮಳೆ ನಿಂತ ಮೇಲೆ, ಭರತವೆಂಬ ಉಬ್ಬರದ ಹೊತ್ತಿಗೆ, ಕಡಲಿನ ಉಪ್ಪುನೀರು ಹೊಳೆಯಲ್ಲಿ ಹಿಂದಕ್ಕೆ ಏರಿ ಬಂದು ತೋಡಿಗೆ ನುಗ್ಗುತ್ತದೆ. ತೋಡಿನ ಎರಡು ಬದಿಗೂ ಗದ್ದೆ. ಡಿಸೆಂಬರಿನಲ್ಲಿ ತೋಡಿನ ಬಾಯಿಗೆ ಅಡ್ಡ ಕಟ್ಟ ಹಾಕಿದರೆ ಉಪ್ಪು ಆಚೆ, ಸಿಹಿ ಈಚೆ ನಿಂತು ಎರಡನೆಯ ಬೆಳೆಯಾದ ಸುಗ್ಗಿಯ ಭತ್ತ ಬೆಳೆಯುತ್ತದೆ. ಎರಡು ಸಾಲು ಗೂಟ, ಗೂಟಕ್ಕೆ ತೆಂಗಿನ ಮಡಲಿನ ತಟ್ಟಿ, ನಡುವೆ ಹುಲ್ಲು ಬೆರೆಸಿ ಮೆಟ್ಟಿದ ಜೇಡಿಮಣ್ಣು. ಮನೆಗೊಂದು ಆಳು ಬರಬೇಕು. ಪ್ರತಿ ವರ್ಷ ಮಳೆಗೆ ಕೊಚ್ಚಿಹೋಗುತ್ತದೆ, ಪ್ರತಿ ವರ್ಷ ಕಟ್ಟಬೇಕು. ಎಲ್ಲಿ ಗೂಟ ಹಾಕುವುದೆಂದು ಹೇಳಲು ನೀರಿನ ಬಲ ತಿಳಿದವನೊಬ್ಬ ಬೇಕು. ಒಂದು ಸಲ ಉಪ್ಪು ಒಳಗೆ ಬಂತೋ, ಆ ವರ್ಷದ ಸುಗ್ಗಿ ಹೋಯಿತು.

ಮೊದಲು ಹೋಗುವುದು ತೋಡಿಗೆ ತಾಗಿದ ಕಡೆಯ ಗದ್ದೆ. ಅದು ನಮ್ಮ ಬೇಲಿಯಾಚೆಯ ಅಕ್ಕನದು. ಸಂಬಂಧದಲ್ಲಿ ಅಕ್ಕನಲ್ಲ, ನಾನು ಚಡ್ಡಿ ಹಾಕುವ ಮೊದಲಿನಿಂದ ಹಾಗೆ ಕರೆದು ರೂಢಿ. ಕಟ್ಟದ ಯಜಮಾನಿಕೆ ಅವಳ ಗಂಡನದಾಗಿತ್ತು. ನಾನು ಎರಡು ವರ್ಷ ಮುಗಿಸಿ ರಜೆಯಲ್ಲಿ ಊರಿಗೆ ಬಂದ ವರ್ಷ, ಆಷಾಢದ ಮಳೆಯಲ್ಲಿ, ಆತ ಜ್ವರದಿಂದ ತೀರಿಹೋಗಿದ್ದ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಮಳೆಗಾಲದ ಬೆಳೆ ಧಣಿಯ ಗೇಣಿಗೆ ಹೋಗುತ್ತಿತ್ತು. ಅವರು ಉಣ್ಣುತ್ತಿದ್ದದ್ದು ಸುಗ್ಗಿಯದನ್ನು.

ನಾನು ಬಸ್ಸಿಳಿದು ಪೆಟ್ಟಿಗೆ ಕೆಳಗಿಡುವಷ್ಟರಲ್ಲಿ ಜಗಲಿಯಲ್ಲಿ ಗಂಡಸರು ಕೂತಿದ್ದರು. ನಡುವೆ ಮಾಷ್ಟ್ರು.

"ಹ್ವಾಯ್, ಬಂದ್ರಾ! ಇವ್ರನ್ನ ದೇವ್ರೇ ಕಳ್ಸದ್ ಕಾಣಿ. ನದಿಗೇ ಕಟ್ಟ ಕಟ್ಟಿ ಬಂದವ್ರಿಗೆ ನಮ್ಮ ತೋಡ್ ಎಂತ ಲೆಕ್ಕ?"

"ಅದ್ ಹಾಂಗಲ್ಲ ಮಾಷ್ಟ್ರೇ. ಅಲ್ ನಾ ಬರೀ..."

"ಕಂಡ್ರಿಯಾ! ದೊಡ್ಡ ಕೆಲ್ಸ ಮಾಡ್ದವ್ರ್ ಹೀಂಗೇ ಹೇಳುದ್."

ಮೂಲೆಯಿಂದ ಒಬ್ಬ ಮುದುಕ ಕೇಳಿದ: "ಅಲ್ ಹೊಳ್ಯಂಗೆ ಮೊಸಳೆ ಇತ್ತ್ ಅಂಬ್ರಲೆ, ಹೌದಾ?"

"ಹೌದ್, ಇತ್ತ್."

"ಮೊಸಳೆ ಇದ್ದಲ್ ಕಟ್ಟ ಕಟ್ಟಿದವ್ರಿಗೆ ಏಡಿ ಇದ್ದಲ್ ಕಟ್ಟುಕ್ ಎಂತ ಹೆದ್ರಿಕಿ ಮರಾಯ್ರೆ?"

ನಾನು ಪೆಟ್ಟಿಗೆ ಎತ್ತಿಕೊಂಡೆ. ಒಳಗೆ ಬಂದರೆ ಅಮ್ಮ ಕೊಂಕಣಿಯಲ್ಲಿ ಮೆಲ್ಲನೆ ಹೇಳಿದಳು, ನಿನ್ನ ಪರವಾಗಿ ನಾನು ಆಗಲೇ ಒಪ್ಪಿಯಾಗಿದೆ ಎಂದು. ಅವಳ ಮುಖ ನೋಡಿದೆ. ಎರಡು ವರ್ಷ ಆ ನೀಲಿ ಕಾಗದಗಳನ್ನು ಮಾತೆ ಮರಿಯಮ್ಮನ ಪಟದ ಹಿಂದೆ ಇಟ್ಟು, ಬಂದವರಿಗೆಲ್ಲ ಓದಿಸಿದವಳು. ನಿಜ ಹೇಳಿದರೆ ಅಮ್ಮನ ಮಾನ ಹೋಗುತ್ತದೆ, ಹೇಳದಿದ್ದರೆ ಅಕ್ಕನ ಗದ್ದೆ ಹೋಗುತ್ತದೆ. ಚಿಂತಿಸಿ ಚಿಂತಿಸಿ ಎರಡೂ ಬೇಡವೆಂದು ಮೂರನೆಯ ದಾರಿ ಹುಡುಕಿದೆ. ಬೈಂದೂರು.

ಬೈಂದೂರಿನಲ್ಲಿ ಮೀನುಗಾರ ಅಜ್ಜನೊಬ್ಬನಿದ್ದ. ಕಾಲು ಸೋಲುವವರೆಗೆ ವರ್ಷವರ್ಷವೂ ನಮ್ಮೂರಿಗೆ ಬಂದು, ಅಕ್ಕನ ಗಂಡನ ಜೊತೆ ಗೂಟ ಹುಗಿದು ಕೊಡುತ್ತಿದ್ದವನು. ಅವನ ಹತ್ತಿರ ಗುಟ್ಟಾಗಿ ವಿದ್ಯೆ ಕಲಿತು ಬಂದರೆ ಯಾರಿಗೂ ಗೊತ್ತಾಗುವುದಿಲ್ಲ. ತಂಗಿಯನ್ನು ನೋಡಿ ಬರುತ್ತೇನೆಂದು ಅಮ್ಮನಿಗೆ ಹೇಳಿ ಕುಂದಾಪುರಕ್ಕೆ ಹೋದೆ. ತಂಗಿಯ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿದು ಬಡಗಲಿಗೆ ಹೊರಟೆ. ಆಗ ಹೊಳೆ ಸಿಕ್ಕಿದಲ್ಲೆಲ್ಲ ಬಸ್ಸಿನಿಂದ ಇಳಿಯಬೇಕು, ಕಡವಿನ ದೋಣಿ ಹತ್ತಬೇಕು, ಆಚೆ ದಡದಲ್ಲಿ ಇನ್ನೊಂದು ಬಸ್ಸಿಗೆ ಕಾಯಬೇಕು. ಹಿಂದೂ ಮಹಾಸಾಗರ ದಾಟಿದವನಿಗೆ ಆ ದೋಣಿಯಲ್ಲೂ ತಲೆ ತಿರುಗಿತು.

ಅಜ್ಜ ಗುಡಿಸಲಿನ ಎದುರು ಬಲೆ ಹೆಣೆಯುತ್ತಿದ್ದ. ತಲೆ ಎತ್ತದೆ ಹೇಳಿದ: "ಬ್ರಹ್ಮಾವರದ್ ಆಫ್ರಿಕದವ ಅಲ್ದಾ?"

"ನಿಮ್ಗೆ ಹ್ಯಾಂಗ್ ಗುತ್ತಾಯ್ತ್?"

"ಬಸ್ಸಿನವ್ರ್ ಹೇಳ್ದ್ರ್. ನದಿಗೇ ಕಟ್ಟ ಕಟ್ಟಿದವ ನನ್ ಹತ್ರ ಎಂತಕ್ ಬಂದದ್?"

ಎಲ್ಲ ಹೇಳಿದೆ. ಬ್ಯಾಂಡೇಜು, ನಾಲ್ಕು ಬುಟ್ಟಿ, ಗಡಿಯಾರ. ಯಾವ ಪಾದ್ರಿಯ ಮುಂದೆಯೂ ನಾನು ಅಷ್ಟು ಸ್ವಚ್ಛವಾಗಿ ಪಾಪನಿವೇದನೆ ಮಾಡಿದ್ದಿಲ್ಲ. ಅಜ್ಜ ನಕ್ಕು ನಕ್ಕು ಕೆಮ್ಮಿದ. ಕೆಮ್ಮು ನಿಂತ ಮೇಲೆ ಮತ್ತೆ ನಕ್ಕ.

"ನಾಲ್ಕೇ ಬುಟ್ಟಿಯಾ? ನನ್ ಮೊಮ್ಮಗಳ್ ಹತ್ತ್ ಹೊರತ್ತ್!" ಬಲೆಯನ್ನು ಬದಿಗಿಟ್ಟ. "ಕಾಣ್ ಮಗಾ. ಗೂಟ ಹೊಡದ್ದ್ ನಾನ್. ಮಣ್ಣ್ ಮೆಟ್ಟದ್ ಊರವ್ರ್. ಅಲ್ ಹೊಡಿ, ಇಲ್ ಹೊಡಿ ಅಂದ್ ಕೂಗದ್ ಆ ಸತ್ತ್ ಹೋದವ. ನೀರ್ ಕಂಡದ್ ಯಾರ್?"

"ಯಾರ್?"

"ಅವ್ನ್ ಹೆಂಡ್ತಿ. ಅವ್ನಿಗ್ ನೀರ್ ಕಾಂಬ್ ಕಣ್ಣೇ ಇರ್ಲಿಲ್ಲ. ಗಂಜಿ ಬಡ್ಸುವತಿಗೆ ಅವಳ್ ಹೇಳುದ್, ಬೆಳಿಗ್ಗೆ ಎದ್ದ್ ಇವ್ನ್ ಕೂಗುದ್. ಇಷ್ಟ್ ಕೇಂಬುಕೆ ಇಷ್ಟೆಲ್ಲ ಹೊಳಿ ದಾಟಿ ಬಂದ್ಯಾ? ಬೇಲಿ ದಾಟಿರ್ ಸಾಕಿತ್ತಲಾ!"

ಮರುದಿನ ಬೇಲಿ ದಾಟಿದೆ. ಅಕ್ಕ ಅಂಗಳದಲ್ಲಿ ಕೂತು ಕಟ್ಟಕ್ಕೆ ತನ್ನ ಮನೆಯ ಪಾಲಿನ ಮಡಲಿನ ತಟ್ಟಿ ನೇಯುತ್ತಿದ್ದಳು.

"ಬೈಂದೂರ್ ಅಜ್ಜ ಸೌಖ್ಯವಾ?" ಎಂದಳು.

"ನಿಮ್ಗೆ ಹ್ಯಾಂಗ್..." ಎನ್ನಲು ಹೊರಟವನಿಗೆ ಹೊಳೆಯಿತು. ಬಸ್ಸಿನವರು. "ಅಕ್ಕ, ನಾನ್ ಅಲ್ಲಿ ನಾಲ್ಕ್ ಬುಟ್ಟಿ ಮಾತ್ರ ಹೊತ್ತದ್."

"ಅಷ್ಟೂ ಹೊತ್ತಿರ್ಲಿಕ್ಕಿಲ್ಲೆ ಅಂದೇ ನಾ ಎಣ್ಸಿದ್ದೆ."

"ಹಂಗಾರೆ ನೀವೇ ಬಂದ್ ಎಲ್ ಗೂಟ ಹಾಕ್ಕಂದ್ ಹೇಳಿ. ನಾ ಎಲ್ಲರ್ ಎದ್ರೂ ನಿಜ ಹೇಳ್ತೆ."

ನೇಯುತ್ತಿದ್ದ ಕೈ ನಿಂತಿತು. "ಗೂಟ ಹಾಕು ದಿನ ನಾ ಅಲ್ ಬಪ್ಪುಕಾಗ ತಮ್ಮ. ಗಂಡ ಸತ್ತವಳ್. ನಾಳೆ ಏಡಿ ತೂತ್ ಮಾಡ್ರೂ ನನ್ ಕಾಲ್ಗುಣ ಅಂಬ್ರ್. ಮುಳ್ಗುದ್ ನನ್ ಗದ್ದೆ, ಆರೆ ಕಾಂಬುಕೆ ಹೋಪುಕಾಗ." ತಟ್ಟಿಯನ್ನು ಮಗ್ಗುಲಿಗೆ ತಿರುಗಿಸಿದಳು. "ಈ ಸಲ ಉಪ್ಪ್ ಬಂದ್ರೆ ಮಕ್ಳನ್ನ ಕಟ್ಕಂಡ್ ನಾ ಘಟ್ಟದ್ ಮೇಲೆ ಕೂಲಿಗ್ ಹೋಯ್ಕ್, ಅಷ್ಟೇ." ಮತ್ತೆ ನೇಯತೊಡಗಿದಳು. "ಆರೆ ನನ್ ಗದ್ದೆಯಂಗೆ ನನ್ ಎಮ್ಮಿ ಕಟ್ಟಿ ಬೈಯುಕೆ ಯಾರ್ ಅಡ್ಡಿ?"

ಹಾಗೆ ಏರ್ಪಾಡಾಯಿತು. ಗೂಟ ಹಾಕುವ ದಿನ ನಾನು ತೋಡಿನ ಬಾಯಿಯಲ್ಲಿ, ಎಲ್ಲರ ನಡುವೆ, ಪರದೇಶದಿಂದ ತಂದ ಹ್ಯಾಟು ಹಾಕಿಕೊಂಡು ನಿಂತೆ. ಅಕ್ಕ ಅಲ್ಲಿಂದ ಕೂಗಳತೆಯಲ್ಲಿ ತನ್ನ ಗದ್ದೆಯಲ್ಲಿ ಎಮ್ಮೆಯ ಎದುರು ನಿಂತಳು.

"ಹ್ವಾಯ್, ಎಂತ ಅಲ್ಲೇ ನಿಂತದ್ದ್? ತೆಂಕ್ ಬದಿ ಹೋಗ್! ಅಲ್ ಕೆಸ್ರ್, ಕಾಲ್ ಹುಗಿತ್ತ್ ನಿಂದ್!" ಎಂದು ಎಮ್ಮೆಗೆ ಗದರುವಳು.

ನಾನು ಹ್ಯಾಟು ಸರಿಮಾಡಿಕೊಂಡು, "ಆಫ್ರಿಕದಗೆ ಇಂಥಾ ಕೆಸ್ರ್ ಕಂಡ್ರೆ ತೆಂಕ್ ಬದಿ ಸರಿತ್ರ್" ಎನ್ನುವೆ. ಗೂಟ ತೆಂಕಕ್ಕೆ ಸರಿಯುವುದು.

"ಅಷ್ಟ್ ಅವಸ್ರ ಎಂತಕ್? ಇಳಿತ ಆಪಲ್ಲಿ ವರೆಗ್ ಬಾಯಿ ಮುಚ್ಚ್ಕಂಡ್ ನಿಲ್ಲುಕ್ ಆತಿಲ್ಯಾ?"

"ಆಫ್ರಿಕದಗೆ ನೀರ್ ಇಳ್ದ್ ಮೇಲೇ ಕಟ್ಟದ್ ಬಾಯಿ ಮುಚ್ಚುದ್."

ಎಮ್ಮೆ ತನ್ನ ಜೀವಮಾನದಲ್ಲಿ ಅಷ್ಟು ಬುದ್ಧಿಮಾತು ಕೇಳಿರಲಿಲ್ಲ. ಮೆಲುಕು ಹಾಕುತ್ತ ನಿಂತಿತ್ತು. ಗೂಟದ ಸಾಲು ಸೊಗಸಾಗಿ ಏಳುತ್ತ ಬಂತು. ನನಗೆ ನಿಧಾನವಾಗಿ ಏನೋ ಧೈರ್ಯ ಬಂತು. ಧೈರ್ಯ ನನಗೆ ಅಭ್ಯಾಸವಿಲ್ಲದ ಪದಾರ್ಥ. ಸ್ವಲ್ಪ ಒಳಗೆ ಹೋದರೂ ತಲೆಗೇರುತ್ತದೆ. ಕೊನೆಯ ಮೂರು ಗೂಟ ಬಡಗು ತುದಿಯಲ್ಲಿ ಹಾಕಿಯಾಗಿತ್ತು. ಅಷ್ಟರಲ್ಲಿ ಅಕ್ಕ ಹಿಂದೆಂದಿಗಿಂತ ಜೋರಾಗಿ ಕೂಗಿದಳು: "ಹಿಂದ್ ಬಾ! ಹಿಂದ್ ಬಾ ಅಂದೆ! ಎರಡ್ ಮಾರ್ ಹಿಂದ್ ಬಾ!"

"ಆ ಮೂರ್ ಗೂಟ ಕಿತ್ತ್ ಎರಡ್ ಮಾರ್ ಹಿಂದ್ ಹಾಕಿ" ಎಂದೆ.

ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. "ಆಫ್ರಿಕದಗೆ ಹೀಂಗೆಯಾ?"

"ಹೀಂಗೇ."

ಕಿತ್ತು ಹಾಕಿದರು. ಆಮೇಲೆ ತಿರುಗಿ ನೋಡುತ್ತೇನೆ, ಎಮ್ಮೆ ಹಗ್ಗ ಕಿತ್ತುಕೊಂಡು ಪಕ್ಕದವರ ಉದ್ದಿನ ಗದ್ದೆಯಲ್ಲಿ ಮೇಯುತ್ತಿದೆ, ಅಕ್ಕ ಕೋಲು ಹಿಡಿದು ಅದರ ಹಿಂದೆ ಓಡುತ್ತಿದ್ದಾಳೆ.

ಬಾಯಿ ಬಿಟ್ಟು ಹೇಳಿದ್ದರೆ ಗೂಟ ತಿರುಗಿ ಹಾಕುವುದು ಅರ್ಧ ಗಂಟೆಯ ಕೆಲಸ. ಆದರೆ ಅಷ್ಟು ಜನರ ಎದುರು, ಹ್ಯಾಟಿನ ಕೆಳಗಿಂದ, 'ಅದು ಎಮ್ಮೆಗೆ ಹೇಳಿದ್ದು' ಎನ್ನುವುದು ಹೇಗೆ? ಹೇಳಲಿಲ್ಲ. ಜೀವನವಿಡೀ ಇಲ್ಲದ್ದಕ್ಕೆಲ್ಲ ಊರಿಗೆ ಕೇಳುವಂತೆ ಚಿಂತೆ ಮಾಡಿದವನು, ಚಿಂತಿಸಬೇಕಾದ ಒಂದು ಸಂಗತಿ ಸಿಕ್ಕಿದಾಗ ಅದನ್ನು ಯಾರಿಗೂ ತಿಳಿಸದೆ ಜೇಬಿನಲ್ಲಿಟ್ಟುಕೊಂಡೆ. ಮಣ್ಣು ತುಂಬಿದರು, ಮೆಟ್ಟಿದರು, ಇಳಿತದಲ್ಲಿ ಬಾಯಿ ಮುಚ್ಚಿದರು. ಅಕ್ಕ ಮಕ್ಕಳ ಜೊತೆ ಸಸಿ ನಟ್ಟಳು. ದಿನಕ್ಕೆ ನಾಲ್ಕು ಸಲ ನಾನು ಯಾವುದಾದರೂ ನೆಪ ಹೇಳಿ ಬಡಗು ತುದಿಗೆ ಹೋಗಿ ನೋಡಿ ಬರುತ್ತಿದ್ದೆ. ಅಮ್ಮ ಎಲ್ಲರಿಗೂ ಹೇಳಿದಳಂತೆ, ಕಟ್ಟದ ಮೇಲೆ ಅವನಿಗೆ ಎಷ್ಟು ಪ್ರೀತಿ ನೋಡಿ ಎಂದು.

ಕ್ರಿಸ್‌ಮಸ್ಸಿಗೆ ಕೆಲವು ದಿನ ಮುಂಚೆ ಅಮಾವಾಸ್ಯೆ ಬಂತು. ಅಮಾವಾಸ್ಯೆಯ ಭರತಕ್ಕೆ ಕಟ್ಟ ನಿಂತರೆ ಆ ವರ್ಷಕ್ಕೆ ನಿಂತ ಹಾಗೆ. ಮಧ್ಯಾಹ್ನ ಊರೆಲ್ಲ ತೋಡಿನ ಬದಿಯಲ್ಲಿ ಸೇರಿತು. ನೀರು ಆಚೆಯಿಂದ ಏರಿತು. ತಟ್ಟಿಯ ಅರ್ಧ, ಮುಕ್ಕಾಲು. ನಾನು ಬಡಗು ತುದಿಯನ್ನೇ ನೋಡುತ್ತಿದ್ದೆ. ಆದುದರಿಂದ ಮೊದಲು ಕಂಡವನೂ ನಾನೇ: ಕಟ್ಟದ ನೆತ್ತಿಯಿಂದ ಒಂದು ಗೇಣು ಕೆಳಗೆ ಹೆಬ್ಬೆರಳಿನಷ್ಟು ದಪ್ಪಕ್ಕೆ ನೀರು ಈಚೆಗೆ ಜಿನುಗಿತು. ನೋಡನೋಡುತ್ತ ತೋಳಿನಷ್ಟಾಯಿತು. ಮಣ್ಣು ಹಾಕಿದರೆ ಹಾಕಿದ ಹಾಗೆ ಕರಗಿತು. ಉಪ್ಪುನೀರು ಇಳಿಯುತ್ತಿದ್ದದ್ದು ನಾಲ್ಕು ದಿನದ ಸಸಿಯ ಕಡೆಗೆ.

ಅಕ್ಕ ಗದ್ದೆಯಿಂದ ಓಡಿ ಬಂದಳು. ಕಟ್ಟದ ತುದಿಗೆ ಬಂದವಳು, ಯಾರೋ ತಡೆದ ಹಾಗೆ ಅಲ್ಲೇ ನಿಂತಳು. ಅಲ್ಲಿಂದಲೇ ಕೂಗಿದಳು. ಈ ಸಲ ಎಮ್ಮೆ ಇರಲಿಲ್ಲ.

"ಕೂಕೊ ತಮ್ಮ! ಅದ್ರ್ ಮೇಲ್ ಕೂಕೊ!"

"ಎಲ್ಲಿ?"

"ತೂತಿನ್ ಮೇಲೆ ಮರಾಯ! ನಿನ್ನಷ್ಟ್ ದೊಡ್ಡ ಮಣ್ಣಿನ್ ಮುದ್ದಿ ಈಗ ಬೇರೆ ಎಲ್ಲಿಂದ್ ತಪ್ಪುದ್?"

ನಾನು ಕಟ್ಟದ ಹೊರಬದಿಗೆ ಇಳಿದು ತೂತಿಗೆ ಬೆನ್ನು ಕೊಟ್ಟು ಕೂತೆ. ನೀರು ಎದೆಯವರೆಗೆ ಬಂತು. ಗಂಡಸರು ನನ್ನ ಎರಡೂ ಬದಿಗೆ ಹುಲ್ಲು, ಮಣ್ಣು ತುರುಕಿ ಮೆಟ್ಟತೊಡಗಿದರು. ಕೆಲವರು ಮೆಟ್ಟಿದ್ದು ನನ್ನನ್ನೇ. ಹ್ಯಾಟು ತೇಲಿ ಹೋಯಿತು. ಸೊಂಟದ ಹತ್ತಿರ ಏಡಿಯೊಂದು ತನ್ನ ಕೆಲಸ ಮಾಡುತ್ತಿತ್ತು. ಕಟ್ಟದ ಮೇಲಿನಿಂದ ಮಾಷ್ಟ್ರು ಬಗ್ಗಿ ಕೇಳಿದರು: "ಹ್ವಾಯ್, ಆಫ್ರಿಕದಗೂ ಹೀಂಗೇ ಕೂಕಂತ್ರಾ?"

ಆಗ ಬಂತು ಬಾಯಿಗೆ. ಕುತ್ತಿಗೆಯವರೆಗೆ ಕೆಸರಿನಲ್ಲಿರುವವನಿಗೆ ಮಾನದ ಯೋಚನೆ ಕಡಿಮೆ. "ಇಲ್ಲೆ ಮಾಷ್ಟ್ರೇ! ಅಲ್ ನಾ ಕಟ್ಟ ಕಟ್ಲೇ ಇಲ್ಲೆ. ಇಲ್ಲೂ ಹೇಳದ್ ನಾನಲ್ಲ, ಅಕ್ಕ. ಈ ಮೂರ್ ಗೂಟ ಮಾತ್ರ ನಂದ್. ಅವ್ರ್ ಎಮ್ಮಿಗ್ ಹೇಳದ್ನ ನಾ ನಿಮ್ಗ್ ಹೇಳ್ದೆ!"

ಮೊಸಳೆಯ ವಿಷಯ ಕೇಳಿದ ಮುದುಕ ಮೆಟ್ಟುತ್ತಲೇ ಹೇಳಿದ: "ಅಕ್ಕ ಹೇಳುದಂದ್ ನಮ್ಗೆ ಗುತ್ತಿಲ್ಯಾ? ಇಷ್ಟ್ ವರ್ಷದಗೆ ಅವ್ರ್ ಎಮ್ಮಿ ಹತ್ರ ತೆಂಕ್ ಬಡಗ್ ಅಂದ್ ಮಾತಾಡದ್ ಯಾರ್ ಕೇಂಡಿರ್?"

"ಮತ್ತ್ ಎಂತಕ್ ಆ ಗೂಟ ಕಿತ್ತ್ ಹಾಕದ್?"

"ಅದೂ ಅಕ್ಕನೇ ಹೇಳದ್ ಅಂದ್ ಮಾಡ್ಕಂಡ್ ಹಾಕದ್. ನೀವೇ ಹೇಳದ್ ಅಂದ್ ಗುತ್ತಿದ್ರೆ ಕೈಯಂಗೂ ಮುಟ್ತಿರ್ಲಿಲ್ಲ!"

ನಗು ತೋಡಿನ ಎರಡು ದಡಕ್ಕೂ ಹಬ್ಬಿತು. ಅಕ್ಕ ಸೆರಗು ಬಾಯಿಗೆ ಹಿಡಿದದ್ದು ನಗುವಿಗೋ ಅಳುವಿಗೋ ನನಗೆ ಕಾಣಲಿಲ್ಲ. ಇಳಿತ ಶುರುವಾಗಲು ಒಂದು ಗಂಟೆಯ ಮೇಲಾಯಿತು. ಅಲ್ಲಿವರೆಗೂ ನಾನು ಕೂತೇ ಇದ್ದೆ. ನನ್ನನ್ನು ಎಬ್ಬಿಸಿದ ಜಾಗಕ್ಕೆ ಅಕ್ಕನ ಮಾತಿನಂತೆ ಹೊಸ ತಟ್ಟಿ ಕೊಟ್ಟು ಗೂಟಗಳನ್ನು ಮೊದಲಿನ ಜಾಗಕ್ಕೆ ಹಾಕಿದರು. ಕಟ್ಟ ನಿಂತಿತು. ಗದ್ದೆಯ ಒಂದು ಮೂಲೆ ಉಪ್ಪಿಗೆ ಸುಟ್ಟುಹೋಯಿತು, ಉಳಿದದ್ದು ಉಳಿಯಿತು. ನನ್ನ ಸೇವಾಜೀವನದಲ್ಲಿ ಯಾರೂ ಬಿಚ್ಚಿ ಮತ್ತೆ ಸುತ್ತಬೇಕಾಗದ ಕೆಲಸವೆಂದರೆ ಆ ಒಂದು ಗಂಟೆ ಕೂತದ್ದು. ಕ್ರಿಸ್‌ಮಸ್ ಪೂಜೆಯಲ್ಲಿ ನಾನು ಸೀನಿದಷ್ಟು ಯಾರೂ ಪ್ರಾರ್ಥಿಸಲಿಲ್ಲ.

ಅಮ್ಮನ ಮಾನದ ಬಗ್ಗೆ ನಾನು ಮಾಡಿದ ಚಿಂತೆಯೂ ದಂಡವಾಯಿತು. ಹಬ್ಬದ ಸಿಹಿತಿಂಡಿ ಕುಸ್ವಾರಿನ ತಟ್ಟೆ ಹಿಡಿದು ಅಮ್ಮ ಬೇಲಿಯಾಚೆ ಹೋಗಿ ಬಂದಳು. ಅಕ್ಕ ತಟ್ಟೆಗೆ ಪ್ರತಿಯಾಗಿ ಬಾಳೆಗೊನೆ ಕಳಿಸಿದ್ದಳು. ಅದನ್ನು ನೇತುಹಾಕುತ್ತ ಅಮ್ಮ ಹೇಳಿದಳು, ನೀನು ಹತ್ತು ಬುಟ್ಟಿ ಹೊರುವವನಲ್ಲವೆಂದು ಹೆತ್ತವಳಿಗೆ ಗೊತ್ತಿಲ್ಲವೇ, ಕಾಗದ ಬರುತ್ತದಲ್ಲ ಅದಕ್ಕೆ ಓದಿಸುತ್ತಿದ್ದೆ ಎಂದು.

ಜನವರಿಯಲ್ಲಿ ಮತ್ತೆ ಹಡಗು ಹತ್ತಿದೆ, ಮತ್ತೆ ಬ್ಯಾಂಡೇಜು. ಆ ವರ್ಷದ ಕೊನೆಗೆ ಪ್ರಶ್ನೆ ಬಂದಾಗ ಇದ್ದದ್ದನ್ನೇ ಬರೆದೆ. ದೇವರು ನನ್ನ ಮೂಲಕ ಬ್ಯಾಂಡೇಜು ಸುತ್ತಿಸಿದ್ದಾನೆ. ಸುರುಳಿ ಈಗ ಸ್ವಲ್ಪ ಬಿಗಿಯಾಗಿದೆ, ಗಾಯ ಕಟ್ಟುವ ಹೆಂಗಸು ಹತ್ತರಲ್ಲಿ ನಾಲ್ಕನ್ನು ಬಿಚ್ಚದೆ ಬಿಡುತ್ತಾಳೆ. ನನ್ನ ಎರಡು ಅಂಗಿ ಗೆದ್ದಲು ತಿಂದಿದೆ. ಹೊಟ್ಟೆ ಆಗಾಗ ಕೆಡುತ್ತದೆ. ಕಟ್ಟದ ಸುದ್ದಿ ಎತ್ತಲಿಲ್ಲ. ಆದರೆ ಕಾಗದ ಅಂಟಿಸಿದ ಮೇಲೆ ಚಿಂತೆ ಹತ್ತಿತು. ಈ ವರ್ಷ ಹ್ಯಾಟು ಹಾಕಿ ನಿಲ್ಲುವವರು ಯಾರು? ಅಕ್ಕ ಯಾರ ಬಾಯಿಂದ ಹೇಳಿಸುತ್ತಾಳೆ? ಅವಳ ಗದ್ದೆ? ಕೇಳಿ ಬರೆದರೆ ಉತ್ತರ ಬರುವಷ್ಟರಲ್ಲಿ ಅಮಾವಾಸ್ಯೆ ಕಳೆದಿರುತ್ತದೆ. ವಾರಗಟ್ಟಲೆ ಊಟ ಸೇರಲಿಲ್ಲ.

ಉತ್ತರ ಬಂದದ್ದು ಜನವರಿಯಲ್ಲಿ. ಅಮ್ಮ ಹೇಳಿದ್ದು, ಮಾಷ್ಟ್ರು ಬರೆದದ್ದು. ಆದುದರಿಂದ ವಿವರ ಹೆಚ್ಚು.

ಗೂಟ ಹಾಕುವ ದಿನ ಗಂಡಸರು ತೋಡಿನ ಬಾಯಿಯಲ್ಲಿ ಸೇರಿ, ಯಾರು ಹೇಳುವುದೆಂದು ತಿಳಿಯದೆ ಬೀಡಿ ಸೇದುತ್ತ ನಿಂತಿದ್ದರಂತೆ. ಆಗ ಅಕ್ಕ ನಮ್ಮ ಮನೆಯಿಂದ ಹೊರಟು, ಗದ್ದೆಯನ್ನೂ ಎಮ್ಮೆಯನ್ನೂ ದಾಟಿ, ನೇರ ಕಟ್ಟದ ಜಾಗಕ್ಕೇ ಬಂದಳಂತೆ. ಕೈಯಲ್ಲಿ ನೀಲಿ ಕಾಗದ.

"ಎಂತ, ಇಲ್ಲಿ ವರೆಗೆ?" ಎಂದನಂತೆ ಒಬ್ಬ.

"ಆಫ್ರಿಕದಿಂದ ಕಾಗ್ದ ಬಂದಿತ್ತ್. ಕಟ್ಟದ್ ವಿಷ್ಯ ಎಲ್ಲ ಬರ್ದಿತ್ತ್. ಕಾಗ್ದ ತಕಂಡ್ ಬಪ್ಪುದಕ್ಕೂ ಅಡ್ಡಿ ಇತ್ತಾ?"

ಕಾಗದ ತರುವ ಪೋಸ್ಟಿನವನಿಗೆ ಕಾಲ್ಗುಣ ನೋಡುವ ಕ್ರಮ ನಮ್ಮೂರಿನಲ್ಲಿ ಇಲ್ಲ. ಗಂಡಸರು ದಾರಿ ಬಿಟ್ಟರಂತೆ. ಅಕ್ಕ ಕಾಗದವನ್ನು ಮಾಷ್ಟ್ರ ಕೈಗೆ ಕೊಟ್ಟಳು. ಅದೇ ಕಾಗದವನ್ನು, ಗೆದ್ದಲು ಮತ್ತು ಹೊಟ್ಟೆಯ ಸಮೇತ, ಹಿಂದಿನ ದಿನವಷ್ಟೇ ನಮ್ಮ ಜಗಲಿಯಲ್ಲಿ ಕೂತು ಊರಿಗೆಲ್ಲ ಓದಿ ಹೇಳಿದವರು ಮಾಷ್ಟ್ರೇ.

"ಮಾಷ್ಟ್ರೇ, ಅದ್ರಗೆ ಮೊದ್ಲ್ ಗೂಟ ಎಲ್ ಹಾಕ್ಕಂದ್ ಬರ್ದಿತ್? ಆ ಹೊನ್ನೆಮರದ್ ನೇರಕ್ ಅಂದ್ ಅಲ್ದಾ?"

ಮಾಷ್ಟ್ರು ಕನ್ನಡಕ ಏರಿಸಿ, ನನ್ನ ಎರಡು ಅಂಗಿಗಳ ಸಾಲಿನ ಮೇಲೆ ಬೆರಳಿಟ್ಟು ಹೇಳಿದರಂತೆ: "ಹೌದ್. ಹೊನ್ನೆಮರದ್ ನೇರಕ್ ಅಂದೇ ಬರ್ದಿತ್ತ್."

"ಬಡಗ್ ತುದಿಯಂಗೆ?"

"ಬಡಗ್ ತುದಿಯಂಗೆ... ನೀವೇ ಹೇಳಿ ಕಾಂಬ, ಅಕ್ಷರ ಒಂಚೂರ್ ಮಸ್ಕ್."

ಹಾಗೆ ಇಡೀ ಕಟ್ಟವನ್ನು ಓದಿ ಮುಗಿಸಿದರಂತೆ. ಅಮಾವಾಸ್ಯೆಯ ಭರತಕ್ಕೆ ಒಂದು ಹನಿ ಈಚೆಗೆ ಬರಲಿಲ್ಲವಂತೆ. ಅಕ್ಕನ ಗದ್ದೆಯ ಸುಟ್ಟ ಮೂಲೆಯೂ ಹಸಿರಾಗಿದೆಯಂತೆ.

ಕಾಗದದ ಕೊನೆಗೆ, ಅಮ್ಮನ ಆಶೀರ್ವಾದದ ಕೆಳಗೆ ಉಳಿದಿದ್ದ ಜಾಗದಲ್ಲಿ, ಮಾಷ್ಟ್ರು ಒತ್ತಿ ಒತ್ತಿ ಬರೆದಿದ್ದರು: "ಬೇಲಿಯಾಚೆಯ ಅಕ್ಕ ಇಲ್ಲೇ ಕೂತಿದ್ದಾರೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕಂತೆ: ತಮ್ಮಾ, ನಿನ್ ಕಾಗ್ದ ಕಟ್ಟದ್ ಕೆಸ್ರಿಗ್ ಬಿದ್ದ್ ಒದ್ದಿ ಆಯ್ತ್. ಬಪ್ಪು ವರ್ಷಕ್ಕೆ ಇನ್ನೊಂದ್ ಬೇಕ್. ಒಳ್ಗ್ ಎಂತ ಬರ್ದ್ರೂ ಅಡ್ಡಿಲ್ಲೆ, ಮೇಲ್ ನೀಲಿ ಇದ್ರೆ ಸಾಕ್. ಸಮಕ್ಕೆ ಹೊತ್ತಿಗ್ ಬಪ್ಪುಹಂಗ್ ಹಾಕ್."

ಅಲ್ಲಿ ಇದ್ದಷ್ಟು ವರ್ಷವೂ ಹಾಕಿದೆ. ಅಮಾವಾಸ್ಯೆ ಯಾವಾಗ ಬರುತ್ತದೆಂದು ಪಂಚಾಂಗ ತರಿಸಿಕೊಂಡು, ಮಿಷನ್ನಿನ ಪ್ರಶ್ನೆ ಬರುವುದಕ್ಕೂ ಒಂದು ತಿಂಗಳು ಮುಂಚೆ.